ಈ ಸಲ ನಿಜವಾಗಿಯೂ ನೆಲವೇ ಡೊಂಕು

ನಿನ್ನೆ ಸಂಜೆಯಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಬರೆದು ಹಗುರಾಗುತ್ತೇನೆ. ಮತ್ತೆ ಗಿಟಾರ್ ಗೋಳು ಬೇಡಪ್ಪ ಅನ್ನುವ ಸ್ನೇಹಿತರು ಇಲ್ಲಿಂದಲೇ ಒಂದು ಲೈಕ್ ಒತ್ತಿ ಮುಂದೆ ಹೋಗಬಹುದು. ನನಗೆ ಬೇಜಾರಿಲ್ಲ. ಸ್ವಲ್ಪ ಇದೆ, ಪರವಾಗಿಲ್ಲ.

ನಿನ್ನೆ ಒಂದು ಬ್ಯಾಂಡಿನ ಪ್ರಾಕ್ಟೀಸ್ ನೋಡಲು ಹೋಗಿದ್ದೆ. ಗಿಟಾರ್ ಹುಡುಗನ ಕೈ ಬಹಳ ಚೆನ್ನಾಗಿದೆ. ಡ್ರಾಪ್ ಡಿ ಟ್ಯೂನಿಂಗ್ (ದಪ್ಪ ತಂತಿಯನ್ನು ಇ ಬದಲು ಡಿಗೆ ಇಳಿಸುವುದು), ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ಹೊಡೆಯುವ ಪೆಟ್ಟು) ಒಂದೊಂದೂ ಅಳೆದು ಇಟ್ಟ ಹಾಗೆ ಬೀಳುತ್ತದೆ. ಕಾಲ ಬಳಿ ಹೊಚ್ಚ ಹೊಸ ಮಾಡೆಲರ್, ಅಂದರೆ ಆಂಪ್, ಸ್ಪೀಕರ್ ಪೆಟ್ಟಿಗೆ, ಪೆಡಲುಗಳ ಸದ್ದನ್ನೆಲ್ಲ ನಕಲು ಮಾಡುವ ಡಿಜಿಟಲ್ ಬಾಕ್ಸ್. ಅದರ ಲೈಟು, ಸ್ಕ್ರೀನು ನೋಡಿದರೇನೇ ಅರ್ಧ ಹೊಟ್ಟೆಕಿಚ್ಚು. ಹಿಂದೆ 12 ಇಂಚಿನ ಒಂದು ಪವರ್ಡ್ ಸ್ಪೀಕರ್. ಅದನ್ನು ನೆಲದ ಮೇಲೆ ಮಲಗಿಸಿ, ಎರಡು ಗೋಡೆ ಸೇರುವ ಮೂಲೆಗೆ ಒತ್ತಿ ಇಟ್ಟಿದ್ದರು. ಜಾಗ ಉಳಿಯಲಿ ಅಂತ.

ರಿಫ್, ಅಂದರೆ ಹಾಡಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಶುರುವಾಯಿತು. ಕೇಳಿಸಿದ್ದು ರಿಫ್ ಅಲ್ಲ. ಯಾರೋ ಹಂಡೆಯೊಳಗೆ ತಲೆ ಹಾಕಿ ಗುಂಯ್ ಅಂದ ಹಾಗಿತ್ತು. ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲ ಒಂದೇ ರಾಡಿ. ಡ್ರಮ್ಸಿನ ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಎಲ್ಲಿ ಹೋಯಿತೋ ಗೊತ್ತಿಲ್ಲ. ಬೇಸ್ ಗಿಟಾರಿನ ಹುಡುಗಿ ನುಡಿಸುತ್ತಿದ್ದಾಳೆ ಅಂತ ಅವಳ ಬೆರಳು ನೋಡಿಯೇ ತಿಳಿಯಬೇಕು.

ಹಾಡು ನಿಂತಿತು. ಹುಡುಗ ನನ್ನ ಕಡೆ ತಿರುಗಿ, "ಅಣ್ಣಾ, ಈ ಬಾಕ್ಸೇ ಸರಿ ಇಲ್ಲ. ಲೋ ಎಂಡ್ ಟೈಟ್ ಇಲ್ಲವೇ ಇಲ್ಲ. ಮಾರಿ ಇನ್ನೊಂದು ತಗೊಳ್ತೀನಿ" ಅಂದ. ತಗ್ಗಿನ ಸ್ವರ ಬಿಗಿಯಾಗಿಲ್ಲ ಅಂತ ಅವನ ದೂರು. ಬಾಕ್ಸ್ ಅಂದರೆ ಆ ಮಾಡೆಲರ್, ಇದು ಅವನ ಮೂರನೆಯದಂತೆ.

"ಮನೇಲಿ ಹೇಗಿತ್ತೋ?"

"ಮನೇಲಿ ಹೆಡ್‌ಫೋನಲ್ಲಿ ಸೂಪರಾಗಿತ್ತಣ್ಣ. ಇಲ್ಲಿಗೆ ತಂದ್ರೆ ಹೀಗೆ."

ಉತ್ತರ ಅವನೇ ಹೇಳಿದ ಅಲ್ವಾ? ಬಾಕ್ಸ್ ಅದೇ. ಪ್ರಿಸೆಟ್ (ಬಾಕ್ಸಿನಲ್ಲಿ ಉಳಿಸಿಟ್ಟ ಸೆಟ್ಟಿಂಗ್) ಅದೇ. ಗಿಟಾರ್ ಅದೇ, ಕೈ ಅದೇ. ಬದಲಾಗಿದ್ದು ಸ್ಪೀಕರ್ ಮತ್ತು ಕೋಣೆ. ಆದರೆ ಮಾರಲು ಹೊರಟಿರುವುದು ಬಾಕ್ಸ್!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕಥೆ ಉಲ್ಟಾ. ಈ ಹುಡುಗನಿಗೆ ಕುಣಿಯೋಕೆ ಬರುತ್ತೆ. ನಿಜವಾಗಿಯೂ ನೆಲವೇ ಡೊಂಕು. ಅವನು ಮಾತ್ರ ನೆಲ ಒಂದನ್ನು ಬಿಟ್ಟು ಉಳಿದ ಎಲ್ಲದರ ಮೇಲೂ ಅನುಮಾನ ಪಡುತ್ತಿದ್ದಾನೆ.

ಬೇಸ್, ಅಂದರೆ ತಗ್ಗಿನ ಸದ್ದು, ಸ್ಪೀಕರಿನ ಮುಂದಕ್ಕಷ್ಟೇ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಕೆಳಗೆ ನೆಲ ಇದ್ದರೆ ಅತ್ತ ಹೋಗಬೇಕಾದದ್ದೂ ಈ ಕಡೆಗೇ ವಾಪಸ್. ಲೆಕ್ಕದ ಪ್ರಕಾರ ಒಂದೊಂದು ಮೇಲ್ಮೈಗೂ 6 ಡೆಸಿಬಲ್ ತನಕ ಏರಬಹುದು. ನೆಲ ಒಂದು, ಗೋಡೆ ಎರಡು. ನೀವೇ ಕೂಡಿಸಿಕೊಳ್ಳಿ. ಅಷ್ಟು ಬೇಸನ್ನು ಯಾರಾದರೂ ನಾಬ್ ತಿರುಗಿಸಿ ಏರಿಸಿದ್ದರೆ ಹುಡುಗ ಹೊಡೆಯೋಕೆ ಹೋಗ್ತಿದ್ದ. ಮೂಲೆ ಏರಿಸಿದರೆ ಬಾಕ್ಸಿಗೆ ಬೈಗುಳ.

ನಾನು ಏನೂ ಮಾತಾಡಲಿಲ್ಲ. ಸ್ಪೀಕರನ್ನು ಎಳೆದು ಮೂಲೆಯಿಂದ ಆಚೆ ತಂದೆ. ಎರಡು ಕುರ್ಚಿ ಜೋಡಿಸಿ ಅದರ ಮೇಲೆ ನಿಲ್ಲಿಸಿದೆ. ಮಾಡೆಲರಿನ ಕ್ಯಾಬ್ ಬ್ಲಾಕಿನಲ್ಲಿ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ನಕಲು) ಹೈ ಪಾಸ್ ಫಿಲ್ಟರ್, ಅಂದರೆ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್, ಹುಡುಕಿದೆ. ಅದು 20 ಹರ್ಟ್ಜ್‌ನಲ್ಲಿ ಕೂತಿತ್ತು, ಅಂದರೆ ಇದ್ದೂ ಇಲ್ಲದ ಹಾಗೆ. 100ಕ್ಕೆ ತಂದೆ. ಬಾಕ್ಸಿನ ಆಂಪ್ ಬ್ಲಾಕಿನ ನಾಬುಗಳನ್ನು ಮುಟ್ಟಲಿಲ್ಲ. "ಈಗ ನುಡಿಸು" ಅಂದೆ.

ಮುಕ್ಕಾಲು ರಾಡಿ ಅಲ್ಲೇ ತಿಳಿಯಾಯಿತು. ಬೇಸ್ ಹುಡುಗಿ ತಲೆ ಎತ್ತಿ ನೋಡಿದಳು. ಪಾಪ, ತಾನು ನುಡಿಸಿದ್ದು ತನಗೇ ಕೇಳಿಸಿದ್ದು ಬಹುಶಃ ಅದೇ ಮೊದಲು.

ಆದರೆ ಹುಡುಗನಿಗೆ ಸಮಾಧಾನವಿಲ್ಲ. "ಅಣ್ಣಾ, ಡ್ರಾಪ್ ಡಿ ಅಂದ್ರೆ 73 ಹರ್ಟ್ಜ್. 100ರಲ್ಲಿ ಕಟ್ ಮಾಡಿದ್ರೆ ನನ್ನ ಸ್ವರಾನೇ ಹೋಯ್ತಲ್ಲ!" ಓದಿಕೊಂಡಿದ್ದಾನೆ, ಮೆಚ್ಚಬೇಕು. ಹೋಗಲ್ಲ ಕಣೋ. ಫಿಲ್ಟರ್ ಅಂದರೆ ಕತ್ತಿ ಅಲ್ಲ, ಇಳಿಜಾರು. ಮೇಲಿರುವ 147, 220ರ ಹಾರ್ಮೋನಿಕ್ಸ್ (ಆ ಸ್ವರದ ಜೊತೆಗೇ ಮೂಡುವ ಮೇಲಿನ ಸ್ವರಗಳು) ಕೇಳಿಸಿದರೆ ಕೆಳಗಿನದನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ. ಅದೂ ಅಲ್ಲದೆ ಆ ಜಾಗ ನಿನ್ನದಲ್ಲ. ಪಕ್ಕದಲ್ಲಿ ನಾಲ್ಕು ತಂತಿ ಹಿಡಿದು ನಿಂತಿದ್ದಾಳಲ್ಲ, ಅವಳದು. ಅವಳು ಡಿಗೆ ಇಳಿಸಿದರೆ 37 ಹರ್ಟ್ಜ್, ಅದರ ಎರಡನೇ ಹಾರ್ಮೋನಿಕ್ ಸರಿಯಾಗಿ ನಿನ್ನ 73ರ ಮೇಲೆ ಬಂದು ಕೂರುತ್ತದೆ. ಕಿಕ್ ಡ್ರಮ್ಮಿನ ಗುದ್ದೂ ಅಲ್ಲೇ ಸುತ್ತಮುತ್ತ. ಮೂರು ಜನ ಒಂದೇ ಕುರ್ಚಿಯಲ್ಲಿ ಕೂತರೆ ಏನಾಗುತ್ತೆ? ನೀವು ರೆಕಾರ್ಡುಗಳಲ್ಲಿ ಕೇಳುವ ಆ ಭಾರೀ ಗಿಟಾರಿನ ತೂಕದಲ್ಲಿ ದೊಡ್ಡ ಪಾಲು ಬೇಸ್ ಗಿಟಾರಿನದು. ಇದನ್ನು ಹೇಳಿದರೆ ಗಿಟಾರ್ ಹುಡುಗರ ಮುಖ ಸಪ್ಪಗಾಗುತ್ತದೆ. ಹೇಳುವುದನ್ನು ನಾನಂತೂ ನಿಲ್ಲಿಸಲ್ಲ.

ನನ್ನ ಸಿಟ್ಟು ಈ ಹುಡುಗನ ಮೇಲೆ ಅಲ್ಲ. ಎಲ್ಲರೂ ಕೇಳುವ ಆ ಒಂದೇ ಪ್ರಶ್ನೆಯ ಮೇಲೆ. "ಯಾವ ಮಾಡೆಲರ್ ತಗೊಳ್ಲಿ?" ಯಾವುದರಲ್ಲಿ ಕೇಳುತ್ತೀಯ ಅಂತ ಒಬ್ಬರೂ ಕೇಳುವುದಿಲ್ಲ. 1998ರಲ್ಲಿ ಲೈನ್ 6 ಕಂಪನಿಯವರು ಪಾಡ್ ಅನ್ನುವ ಆ ಕೆಂಪು ಮಾಡೆಲರ್ ಬಿಟ್ಟ ಕಾಲದಿಂದ ಇದೇ ರಾಗ. 2015ರಲ್ಲಿ ಅವರದೇ ಹೀಲಿಕ್ಸ್ ಬಂತು, ಮತ್ತೆ ಇದೇ ರಾಗ. ಬಾಕ್ಸುಗಳು ಎಲ್ಲಿಂದ ಎಲ್ಲಿಗೋ ಹೋದವು. ಮೂಲೆಯಲ್ಲಿರುವ ಸ್ಪೀಕರ್ ಮಾತ್ರ ಅಲ್ಲೇ ಇದೆ.

ಹೆಡ್‌ಫೋನ್ ವಿಷಯಕ್ಕೆ ಬರೋಣ. ರಾತ್ರಿ ಮೆಲ್ಲಗೆ, ಯಾರಿಗೂ ತೊಂದರೆ ಆಗದ ಹಾಗೆ ಪ್ರಿಸೆಟ್ ಮಾಡುತ್ತೀರಿ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸುವುದಿಲ್ಲ. ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಕೇಳಿಸದೆ ಇದ್ದದ್ದಕ್ಕೆ ನೀವು ಬೇಸ್ ಏರಿಸುತ್ತೀರಿ. ಆಹಾ, ಎಷ್ಟು ದಪ್ಪಗಿದೆ! ಮಾರನೇ ದಿನ ಡ್ರಮ್ಸಿನ ಎದುರು ಅದೇ ಪ್ರಿಸೆಟ್ ಜೋರಾಗಿ ಹಚ್ಚುತ್ತೀರಿ. ರಾತ್ರಿ ಕೇಳಿಸದೆ ಉಳಿದ ಬೇಸೆಲ್ಲ ಬಡ್ಡಿ ಸಮೇತ ವಾಪಸ್ ಬರುತ್ತದೆ. ಇದಕ್ಕೆ ಮದ್ದು ಒಂದೇ. ಎಷ್ಟು ಜೋರಾಗಿ ನುಡಿಸುತ್ತೀರೋ ಅಷ್ಟೇ ಜೋರಲ್ಲಿ, ಅದೇ ಸ್ಪೀಕರಿನಲ್ಲಿ, ಒಮ್ಮೆ ಕೂತು ಪ್ರಿಸೆಟ್ ತಿದ್ದಬೇಕು. ಅರ್ಧ ಗಂಟೆ ಸಾಕು. ಹೊಸ ಬಾಕ್ಸಿನ ವಿಡಿಯೋ ನೋಡೋಕೆ ಮೂರು ಗಂಟೆ ಸಿಗುತ್ತೆ, ಇದಕ್ಕೆ ಅರ್ಧ ಗಂಟೆ ಸಿಗಲ್ಲ.

ಹಾಗಂತ ಮಾನಿಟರ್ ಸ್ಪೀಕರ್ ಇಟ್ಟುಕೊಂಡವರು ಬೀಗಬೇಡಿ. ನಾಲ್ಕು ಮೀಟರ್ ಉದ್ದದ ಕೋಣೆ ಅಂದುಕೊಳ್ಳಿ. ಅದರ ಎರಡು ತುದಿಯ ಗೋಡೆಗಳ ನಡುವೆ 43 ಹರ್ಟ್ಜ್ ಒಂದು, 86 ಹರ್ಟ್ಜ್ ಇನ್ನೊಂದು ಅಲೆ ಹಿಂದೆ ಮುಂದೆ ಬಡಿದು ಅಲ್ಲೇ ನಿಂತುಬಿಡುತ್ತವೆ. ಗಿಟಾರಿನ ದಪ್ಪ ಇ ತಂತಿ 82. ಪಕ್ಕದ ಮನೆಯೇ! ಕೋಣೆಯ ನಡುವೆ ಕೂತರೆ ಆ 86 ಉಬ್ಬುತ್ತದೆ, ಗೋಡೆ ಕಡೆಗೆ ಒಂದು ಮೀಟರ್ ಸರಿದರೆ ಮಾಯ. ಸ್ಪೀಕರ್ ಹಿಂಗೋಡೆಯಿಂದ ಒಂದು ಮೀಟರ್ ದೂರ ಇದ್ದರೆ, ಗೋಡೆಗೆ ಹೋಗಿ ಬರುವ ಅಲೆ ಸುಮಾರು ಅದೇ 86ರಲ್ಲಿ ಎದುರುಬದುರಾಗಿ ಸದ್ದನ್ನೇ ತಿಂದುಹಾಕುತ್ತದೆ. ಆಗ ನೀವು ಬೇಸ್ ಸಾಲದು ಅಂತ ಏರಿಸುತ್ತೀರಿ. ತಲೆ ಬಾಗಿಸಿ ನಾಬ್ ತಿರುಗಿಸುವ ಬದಲು ಎದ್ದು ನಾಲ್ಕು ಹೆಜ್ಜೆ ನಡೆದು ನೋಡಿ. ಹೆಜ್ಜೆ ಹೆಜ್ಜೆಗೂ ಟೋನ್ ಬೇರೆ.

ಈಗ ಒಂದು ತಪ್ಪೊಪ್ಪಿಗೆ. ಹಳೆಯ ಸ್ನೇಹಿತರಿಗೆ ಗೊತ್ತಿದೆ, ಆದರೂ ಹೇಳುತ್ತೇನೆ. ನಾನೂ ಒಂದು ಮಾಡೆಲರ್ ಮಾರಿದವನೇ. ಎಂಟು ತಿಂಗಳು ಅದರ ಜೊತೆ ಗುದ್ದಾಡಿದ್ದೆ. ಅದನ್ನು ಪವರ್ ಆಂಪಿಗೆ, ಅಲ್ಲಿಂದ ನನ್ನ ಹಳೇ ಗಿಟಾರ್ ಕ್ಯಾಬಿಗೆ ಹಾಕಿದ್ದೆ. ಯಾವ ಪ್ರಿಸೆಟ್ ಹಾಕಿದರೂ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಮೇಲೆ ಮಂಕು, ಕೆಳಗೆ ಗುಡುಗುಡು. ಕಂಪನಿಗೆ ಬೈದೆ, ಡಿಜಿಟಲ್ಲಿಗೇ ಬೈದೆ, ಸಿಕ್ಕ ರೇಟಿಗೆ ಕೊಟ್ಟುಬಿಟ್ಟೆ. ಕೊಂಡವನು ಈ ಪೋಸ್ಟ್ ಓದುತ್ತಿದ್ದಾನೆ. ಅವನು ಮೊದಲ ದಿನವೇ ಕಂಡುಹಿಡಿದ. ನಾನು ಕ್ಯಾಬ್ ಸಿಮ್ಯುಲೇಶನ್ (ಬಾಕ್ಸಿನೊಳಗಿನ ಕ್ಯಾಬ್ ನಕಲು) ಆಫ್ ಮಾಡೇ ಇರಲಿಲ್ಲ! ಕ್ಯಾಬಿನ ಸದ್ದನ್ನು ಇನ್ನೊಂದು ಕ್ಯಾಬಿನೊಳಗೆ ತುರುಕುತ್ತಿದ್ದೆ, ಎಂಟು ತಿಂಗಳು. ಸೆಲೆಶನ್ ವಿಂಟೇಜ್ 30 ತರಹದ ಗಿಟಾರ್ ಸ್ಪೀಕರ್ 70ರಿಂದ 5,000 ಹರ್ಟ್ಜ್ ಆಚೆ ಈಚೆ ಹೆಚ್ಚೇನೂ ಕೊಡುವುದಿಲ್ಲ. ಅದೇ ಜರಡಿಯಲ್ಲಿ ಎರಡು ಸಲ ಸೋಸಿದರೆ ಇನ್ನೇನು ಉಳಿಯುತ್ತೆ? ಆ ಬಾಕ್ಸಿನಲ್ಲಿ ಅವನು ಇವತ್ತಿಗೂ ನುಡಿಸುತ್ತಾನೆ, ಹಾಳಾದವನು, ಅದ್ಭುತವಾಗಿ ಕೇಳಿಸುತ್ತದೆ. ನಗಬೇಡ ಮಾರಾಯ.

ಇಷ್ಟು ಓದಿದ ಮೇಲೆ ಒಬ್ಬರಾದರೂ ಕಾಮೆಂಟಿನಲ್ಲಿ ಬರೆದೇ ಬರೆಯುತ್ತೀರಿ. "ಟ್ಯೂಬ್ ಆಂಪ್ ತಗೊಂಡ್ರೆ ಈ ರಗಳೆಯೇ ಇಲ್ಲ. ಪ್ಲಗ್ ಮಾಡು, ನುಡಿಸು." ಸರಿ ಸ್ವಾಮಿ. ಟ್ಯೂಬ್ ಆಂಪಿಗೆ, ಅಂದರೆ ಹಳೇ ಶೈಲಿಯ ವಾಲ್ವ್ ಆಂಪಿಗೆ, ಈ ರಗಳೆ ಯಾಕಿಲ್ಲ ಅಂತ ಯೋಚಿಸಿದ್ದೀರಾ? ಅದು ಯಾವತ್ತೂ ತನ್ನ ಕ್ಯಾಬನ್ನು ಬಿಟ್ಟು ಬೇರೆಯದರಲ್ಲಿ ಮಾತಾಡಿಯೇ ಇಲ್ಲ. ಕೆಳಗಿನ ಗುಡುಗನ್ನೂ ಮೇಲಿನ ಕಿರುಚಾಟವನ್ನೂ ಆ ಮರದ ಪೆಟ್ಟಿಗೆ ಮತ್ತು ಸ್ಪೀಕರೇ ಸೋಸಿಬಿಡುತ್ತವೆ. ನಿಮ್ಮ ಹೈ ಪಾಸ್ ಫಿಲ್ಟರನ್ನು ಬಡಗಿ ಮಾಡಿಕೊಟ್ಟಿದ್ದಾನೆ, ಅಷ್ಟೇ. ಅದೇ ಆಂಪನ್ನು ಹಿಂದೆ ತೆರೆದಿರುವ ಕ್ಯಾಬಿಗೆ ಹಾಕಿ ನೋಡಿ. ಹಿಂದಿನ ಅಲೆ ಮುಂದಿನದನ್ನು ನುಂಗಿ, ಆ ಎದೆಗೆ ಬಡಿಯುವ ಪೆಟ್ಟು ಎಲ್ಲಿ ಅಂತ ಹುಡುಕುತ್ತೀರಿ. ಅದಕ್ಕೇ ಮೈಕ್ ಇಟ್ಟು ದೊಡ್ಡ ಸ್ಪೀಕರಿಗೆ ಕಳಿಸಿದರೆ ಸೌಂಡ್ ಎಂಜಿನಿಯರ್ ಮೊದಲು ಮಾಡುವ ಕೆಲಸ ಏನು? ಹೈ ಪಾಸ್. ನಿಮಗೆ ಹೇಳದೆ ಮಾಡುತ್ತಾನೆ, ಹೇಳಿದರೆ ಜಗಳ ಆಡ್ತೀರಲ್ಲ.

ಎಲ್ಲ ತಪ್ಪನ್ನೂ ಸ್ಪೀಕರ್ ತಲೆಗೆ ಕಟ್ಟುತ್ತಿಲ್ಲ. ನಿನ್ನೆ ಉಳಿದ ಕಾಲು ಭಾಗದ ರಾಡಿ ಬಾಕ್ಸಿನೊಳಗೇ ಇತ್ತು. ಬಾಕ್ಸ್ ಮಾಡಿದ್ದಲ್ಲ, ಹುಡುಗ ಮಾಡಿದ್ದು. ಬೇಸ್ ನಾಬ್ ಎಂಟರಲ್ಲಿ, ಗೇನ್ (ಸದ್ದನ್ನು ಒಡೆದು ಒರಟಾಗಿಸುವ, ಅಂದರೆ ಡಿಸ್ಟಾರ್ಶನ್ ಹೆಚ್ಚಿಸುವ ನಾಬ್) ಒಂಬತ್ತರಲ್ಲಿ! ಗೇನ್‌ಗೆ ಮೊದಲೇ ಬೇಸ್ ಜಾಸ್ತಿ ಹೋದರೆ ಡಿಸ್ಟಾರ್ಶನ್ ಅದನ್ನೇ ಅರೆದು ಅಂಟು ಮಾಡುತ್ತದೆ. ಆಮೇಲೆ ಎಷ್ಟು ಈಕ್ಯೂ (ಬೇಸ್, ಟ್ರೆಬಲ್ ಏರಿಳಿಸುವ ಸಾಧನ) ಹಾಕಿದರೂ ಬಿಡಿಸೋಕೆ ಆಗಲ್ಲ. ಅದಕ್ಕೇ ಜನ ಮೊದಲಿಂದಲೂ ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ ಮಾಡಿ ಆಂಪಿನ ಮುಂದೆ ಇಡುವುದು. ಅದರ ಸರ್ಕ್ಯೂಟ್ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದಕ್ಕೆ ಮೇಲಿನಷ್ಟು ಗೇನ್ ಕೊಡುವುದಿಲ್ಲ. ಮೆಸಾ ಬೂಗಿ ಕಂಪನಿಯ ಮಾರ್ಕ್ ಸರಣಿಯ ಆಂಪುಗಳಲ್ಲೂ ಬೇಸ್ ನಾಬ್ ಗೇನ್‌ಗಿಂತ ಮೊದಲು ಬರುತ್ತದೆ. ಬಲ್ಲವರು ಅದನ್ನು ತಗ್ಗಿಸಿ ಇಟ್ಟು, ಕೊನೆಯಲ್ಲಿರುವ ಐದು ಸ್ಲೈಡರಿನ ಈಕ್ಯೂನಲ್ಲಿ 80 ಹರ್ಟ್ಜ್ ಏರಿಸಿಕೊಳ್ಳುತ್ತಾರೆ. ಮೊದಲು ತೆಗಿ, ಆಮೇಲೆ ಹಾಕು. ಮಾಡೆಲರುಗಳು ಈ ನಡವಳಿಕೆಯನ್ನೂ ಚಾಚೂ ತಪ್ಪದೆ ನಕಲು ಮಾಡುತ್ತವೆ. ನಾವು ಮಾತ್ರ ಎಲ್ಲ ಆಂಪಿನ ಬೇಸ್ ನಾಬ್ ಒಂದೇ ಅಂದುಕೊಂಡು ತಿರುಗಿಸುತ್ತೇವೆ.

ಯಾವ ರಾಡಿ ಎಲ್ಲಿಯದು ಅಂತ ತಿಳಿಯೋದು ಹೇಗೆ ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬಾಕ್ಸಿನಿಂದಲೇ ನೇರವಾಗಿ ರಿಫ್ ರೆಕಾರ್ಡ್ ಮಾಡಿ, ಹೆಡ್‌ಫೋನ್ ತೆಗೆದು ಫೋನಿನ ಚಿಕ್ಕ ಸ್ಪೀಕರಿನಲ್ಲೇ ಕೇಳು ಅಂದೆ. ಅದಕ್ಕೆ 80 ಹರ್ಟ್ಜ್ ಅನ್ನೋದೇ ಗೊತ್ತಿಲ್ಲ. ಅಲ್ಲೂ ಪೆಟ್ಟುಗಳು ಅಂಟಿಕೊಂಡೇ ಕೇಳಿದರೆ ತಪ್ಪು ಪ್ರಿಸೆಟ್ಟಿನದು. ಅಲ್ಲಿ ಬಿಡಿಬಿಡಿಯಾಗಿ ಕೇಳಿ ಇಲ್ಲಿ ಗುಂಯ್ ಅಂದರೆ ತಪ್ಪು ಸ್ಪೀಕರ್ ಇಟ್ಟ ಜಾಗದ್ದು, ಕೋಣೆಯದ್ದು. ನಾನು ಇದನ್ನು ಕಲಿತದ್ದು ಆ ಬಾಕ್ಸ್ ಮಾರಿ ಎಷ್ಟೋ ವರ್ಷದ ಮೇಲೆ. ಸುಮ್ನೆ ಹೇಳಿಕೊಟ್ಟೆ. ಬೇಸ್ ನಾಬ್ ಮೂರಕ್ಕೆ, ಗೇನ್ ಐದಕ್ಕೆ ಇಳಿಸಿದೆವು. ಗೇನ್ ಇಳಿಸುವಾಗ ಅವನ ಮುಖ ನೋಡಬೇಕಿತ್ತು, ಆಸ್ತಿ ಬರೆಸಿಕೊಂಡೆನೇನೋ ಅನ್ನುವ ಹಾಗೆ. ಆಮೇಲೆ ಇಡೀ ಬ್ಯಾಂಡ್ ಸೇರಿ ನುಡಿಸಿತು. ಕಿಕ್ ಬಂತು, ಬೇಸ್ ಬಂತು, ಅದರ ಮೇಲೆ ಗಿಟಾರ್ ಧಕ್ ಧಕ್ ಅಂತ ಕಚ್ಚಿಕೊಂಡು ಬಂತು. ಮೈ ಜುಂ ಅಂದಿತು. ಅಲ್ಲೇ ಕುಣಿಯಬೇಕು ಅನ್ನಿಸಿದರೂ ನನ್ನ ವಯಸ್ಸು ನೆನಪಾಗಿ ಸುಮ್ಮನೆ ನಿಂತೆ.

ಇಷ್ಟಕ್ಕೇ ನಿಂತಿದ್ದರೆ ನಾನು ಖುಷಿಯ ಪೋಸ್ಟ್ ಹಾಕುತ್ತಿದ್ದೆ. ಇವತ್ತು ಬೆಳಿಗ್ಗೆ ಅವನ ಮೆಸೇಜ್ ಬಂದಿದೆ. "ಅಣ್ಣಾ, ನೀವು ಹೇಳಿದ್ದು ನಿಜ. ಬಾಕ್ಸ್ ಮಾರಲ್ಲ. ಯಾವ ಸ್ಪೀಕರ್ ತಗೊಳ್ಲಿ?"

ಮೊದಲು ಒಂದು ಸ್ಟ್ಯಾಂಡ್ ತಗೊಳ್ಳೋ ಅಂತ ಬರೆದು, ಫೋನನ್ನು ಮಗುಚಿ ಇಟ್ಟಿದ್ದೇನೆ.