ಬೆಂಗಳೂರು ಫುಟ್‌ಪಾತಲ್ಲಿರೋ ಮಾನಸಿಕ ಅಸ್ವಸ್ಥರ ಹತ್ರ ಹೊಯ್ಸಳ (ಪೊಲೀಸ್ ಗಸ್ತು ಗಾಡಿ) ಬರ್ಬೇಕಾ? ಪರ-ವಿರೋಧ

ಪರ

ಬರ್ಬೇಕಾ ಬೇಡ್ವಾ ಅಂತ ಚರ್ಚೆ ಮಾಡೋಕ್ ಮುಂಚೆ ಕಾಯ್ದೆ ಏನ್ ಹೇಳತ್ತೆ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸೆಕ್ಷನ್ 100. ಕಾಯಿಲೆಯಿಂದ ತಮ್ಮನ್ನ ತಾವು ನೋಡ್ಕೊಳ್ಳೋಕಾಗ್ದೆ ಯಾರಾದ್ರೂ ಬೀದೀಲಿ ಅಲೀತಿದ್ರೆ ಆ ಸ್ಟೇಷನ್ ಇನ್‌ಚಾರ್ಜು ಅವ್ರನ್ನ ರಕ್ಷಣೆಗೆ ತಗೋಬೇಕು, 24 ಗಂಟೆ ಒಳಗೆ ಹತ್ರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸ್ಬೇಕು, ಲಾಕಪ್ಪಿಗೆ ಹಾಕೋ ಹಾಗೇ ಇಲ್ಲ. ಮನೆಮಠ ಇಲ್ಲದವ್ರಾದ್ರೆ ಮಿಸ್ಸಿಂಗ್ ಕೇಸ್ ಎಫ್‌ಐಆರ್ ಹಾಕಿ ಮನೆಯವ್ರನ್ನ ಹುಡುಕೋದೂ ಸ್ಟೇಷನ್ನಿನ ಜವಾಬ್ದಾರೀನೇ. ಅಂದ್ರೆ ಪೊಲೀಸರು ಬರೋದು ಹೇಗೂ ಬರ್ತಾರೆ, ಒಬ್ರೇ ಬರ್ತಾರೋ ಜೊತೇಲಿ ವಿಷಯ ಗೊತ್ತಿರೋರು ಇರ್ತಾರೋ ಅನ್ನೋದಷ್ಟೇ ಪ್ರಶ್ನೆ.

ರಾತ್ರಿ ಎರಡು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಎಚ್ಚರ ಇರೋದ್ಯಾರು ಹೇಳಿ, ಆಟೋದವ್ರು, ಸೈಕಲ್ ಮೇಲೆ ಟೀ ಮಾರೋರು, ಬಿಟ್ರೆ ಬೀಟ್ ಪೊಲೀಸು. ಯಾವ ಅಂಗಡಿ ಮುಂದೆ ಯಾರು ಮಲಗ್ತಾರೆ, ಯಾರು ಹೊಸಬ್ರು, ಯಾರು ಮೂರು ದಿನದಿಂದ ಊಟ ಬಿಟ್ಟಿದಾರೆ ಅನ್ನೋದು ಆ ಕಾನ್ಸ್‌ಟೇಬಲ್‌ಗೆ ಗೊತ್ತಿರತ್ತೆ. ಗೊತ್ತಿಲ್ದೆ ಇರೋದು ಇನ್ನೊಂದು. ಒಬ್ಬ ಕೈ ನಡುಗಿಸ್ಕೊಂಡು, ಗೋಡೆ ಮೇಲೆ ಹುಳ ಹರೀತಿದೆ ಅಂತ ಕಿರುಚ್ತಿದಾನೆ ಅನ್ಕೊಳ್ಳಿ, ನೋಡಿದವ್ರೆಲ್ಲ ಕುಡ್ದಿದಾನೆ ಅಂತಾರೆ, ಆದ್ರೆ ನಿಜಕ್ಕೂ ಅದು ದಿನಾ ಕುಡಿಯೋನು ಕಾಸಿಲ್ದೆ ಎರಡು ಮೂರು ದಿನದಿಂದ ಕುಡಿಯೋದು ನಿಲ್ಸಿದಾಗ ಆಗೋದು ಇರ್ಬಹುದು, ಟ್ರೀಟ್ಮೆಂಟ್ ಸಿಗ್ಲಿಲ್ಲ ಅಂದ್ರೆ ಜೀವ ಹೋಗೋ ಚಾನ್ಸ್ ಇದೆ. ಲಾಠಿ ತೋರ್ಸಿ ಓಡ್ಸಿದ್ರೆ ಮುಂದಿನ ಸರ್ಕಲ್‌ನಲ್ಲಿ ಬಿದ್ದಿರ್ತಾನೆ. ಪಕ್ಕದಲ್ಲಿ ಒಬ್ರು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರೋ ನರ್ಸೋ ಇದ್ರೆ ಇದನ್ನ ಗುರುತು ಹಿಡೀತಾರೆ.

ಹೊರದೇಶದ ಉದಾಹರಣೇನೂ ಇದೆ. ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಮಾನಸಿಕ ಕಾಯಿಲೆ ಇದ್ದ ಒಬ್ಬನನ್ನ ಪೊಲೀಸರು ಗುಂಡು ಹೊಡೆದು ಕೊಂದ್ಮೇಲೆ ಗಲಾಟೆ ಆಗಿ, 1988ರಲ್ಲಿ ಡಾಕ್ಟರುಗಳು, ಮನೆಯವ್ರು, ಪೊಲೀಸರು ಸೇರಿ 40 ಗಂಟೆ ಟ್ರೇನಿಂಗ್ ಇರೋ ಪೊಲೀಸ್ ಟೀಮ್ ಕಟ್ಟಿದ್ರು. ನಮ್ಮೂರಲ್ಲಂತೂ ಹೊಸೂರು ರೋಡಲ್ಲೇ ನಿಮ್ಹಾನ್ಸ್ ಇದೆ, 2022ರ ಅಕ್ಟೋಬರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ಹೊಯ್ಸಳದಲ್ಲಿ ಕೂತು ಒಂದು ಕಾಲ್ ಮಾಡೋಕೆ ಏನ್ ಕಷ್ಟ?

ಇನ್ನೊಂದು, ಮನೆ ಹುಡುಕೋದು. ಫುಟ್‌ಪಾತಲ್ಲಿರೋ ಒಬ್ಳು ಹೆಂಗಸು ಒಡಿಯಾದಲ್ಲಿ ಯಾವ್ದೋ ಹಳ್ಳಿ ಹೆಸ್ರು ಅಷ್ಟೇ ಹೇಳ್ತಾಳೆ ಅಂದ್ರೆ ಆ ಕಡೆ ಠಾಣೆಗೆ ಇಲ್ಲಿಂದ ಸ್ಟೇಷನ್ನೋರು ಫೋನ್ ಮಾಡಿದ್ರೆ ಕೆಲ್ಸ ಆಗತ್ತೆ, ನೀವೋ ನಾನೋ ಮಾಡಿದ್ರೆ ನೋಡ್ತೀವಿ ಬಿಡಿ ಅಂತಾರೆ.

ವಿರೋಧ

ಸೆಕ್ಷನ್ 100 ಓದೋಕೆ ಚೆನ್ನಾಗಿದೆ. ಆದ್ರೆ ಅದೇ ಪೊಲೀಸರ ಕೈಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೇನೂ ಇದ್ಯಲ್ಲ ಸ್ವಾಮಿ. ಅದೇ ಹೆಂಗಸು, ಅದೇ ಫುಟ್‌ಪಾತು, ಕೈ ಚಾಚಿದಾಗ ನೋಡಿದ್ರೆ ಭಿಕ್ಷುಕಿ, ಒಬ್ಳೇ ಮಾತಾಡ್ತಿದ್ದಾಗ ನೋಡಿದ್ರೆ ಪೇಷಂಟು. ಭಿಕ್ಷುಕಿ ಅಂತಾದ್ರೆ ಹೋಗೋದು ಮಾಗಡಿ ರೋಡ್ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನದಲ್ಲಿ ಸಾಲುಸಾಲಾಗಿ ಜನ ಸತ್ರು, ಇಡೀ ರಾಜ್ಯವೇ ಬೆಚ್ಚಿಬಿತ್ತು. ಬೀದೀಲಿರೋರು ಅದನ್ನ ಮರೆತಿಲ್ಲ ಅನ್ಸತ್ತೆ, ವ್ಯಾನ್ ಕಂಡ್ರೆ ಎದ್ದು ಓಡ್ತಾರೆ.

ವ್ಯಾನಿಗೆ ಹತ್ತಿಸೋ ರೀತೀನೇ ನೋಡಿ. ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ ಇರೋರ ಹತ್ರ ಒಂದು ಗೋಣಿಚೀಲ ಇರತ್ತೆ, ಅದ್ರೊಳಗೆ ಒಂದು ತಟ್ಟೆ, ಹಳೇ ಸೀರೆ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಯಾವ್ದೋ ಪೇಪರು, ಬಹುಶಃ ಅವ್ರ ಊರಿನ ಗುರುತು ಅಂತ ಇರೋದು ಅದೊಂದೇ. ಗಲೀಜು ಅಂತ ಅದನ್ನ ಅಲ್ಲೇ ಬಿಟ್ಟು ಹತ್ಸಿದ್ರೆ ಆಯಮ್ಮ ಕಚ್ತಾಳೆ, ಪರಚ್ತಾಳೆ, ಯಾರಾದ್ರೂ ಹಾಗೇ ಮಾಡ್ತಾರೆ. ಆಮೇಲೆ ಆಸ್ಪತ್ರೆ ಚೀಟೀಲಿ ‘ವಯಲೆಂಟ್’ ಅಂತ ಬರ್ದಿರ್ತಾರೆ. ಯಾರೋ ನನ್ನ ಹಿಂದೆ ಬಿದ್ದಿದಾರೆ ಅನ್ನೋ ಭಯಾನೇ ಕಾಯಿಲೆ ಆಗಿರೋನಿಗೆ ನಿಜವಾಗ್ಲೂ ಖಾಕಿ ಬಂದು ಹಿಂದೆ ನಿಂತ್ರೆ ಏನಾಗ್ಬೇಕು!

ಮೆಂಫಿಸ್ ಕಥೆ ಹೇಳೋರು ಆರೆಗಾನ್ ರಾಜ್ಯದ ಯೂಜೀನ್ ಊರಿನ ಕಥೇನೂ ಹೇಳ್ಬೇಕು. ಅಲ್ಲಿ 1989ರಿಂದ ಕಹೂಟ್ಸ್ ಅಂತ ಒಂದು ವ್ಯಾನ್ ಓಡ್ತಿತ್ತು, ಒಬ್ರು ಮೆಡಿಕಲ್ ಕಡೆಯವ್ರು, ಒಬ್ರು ಕೌನ್ಸೆಲಿಂಗ್ ಕಡೆಯವ್ರು, ಯೂನಿಫಾರ್ಮೂ ಇಲ್ಲ ಗನ್ನೂ ಇಲ್ಲ. ಕರೆ ಬರ್ತಿದ್ದಿದ್ದು ಪೊಲೀಸ್ ಲೈನಿಂದಾನೇ, ಹೋಗ್ತಿದ್ದಿದ್ದು ಮಾತ್ರ ಇವ್ರು. 2025ರಲ್ಲಿ ದುಡ್ಡಿನ ಸಮಸ್ಯೆ ಆಗಿ ಆ ಊರಲ್ಲಿ ನಿಂತೋಯ್ತು, ಅದನ್ನೂ ಒಪ್ಕೋತೀನಿ, ಇಂಥ ಕೆಲ್ಸಕ್ಕೆ ದುಡ್ಡು ಎಲ್ಲ ಕಡೆನೂ ಕೊನೇಲೇ ಬರೋದು.

ಅದೆಲ್ಲ ಬಿಡಿ, ಆಸ್ಪತ್ರೆ ಆದ್ಮೇಲೆ ಏನು? ಅದೇ 2017ರ ಕಾಯ್ದೆಯ ಸೆಕ್ಷನ್ 18 ಪ್ರಕಾರ ಬಿಪಿಎಲ್ ಕಾರ್ಡ್ ಇಲ್ದಿದ್ರೂ ಮನೆ ಇಲ್ಲದವ್ರಿಗೆ ಟ್ರೀಟ್ಮೆಂಟ್ ಫ್ರೀ, ಸೆಕ್ಷನ್ 89ರಲ್ಲಿ ಅಡ್ಮಿಟ್ ಮಾಡಿದ್ರೆ ಮೊದ್ಲು 30 ದಿನದ ತನಕ ಇಟ್ಕೋಬಹುದು. ಅಷ್ಟರಲ್ಲಿ ಸ್ವಲ್ಪ ಸುಧಾರಿಸ್ಕೋತಾರೆ, ಮಾತಾಡ್ತಾರೆ, ಸ್ನಾನ ಮಾಡ್ತಾರೆ, ಡಿಸ್ಚಾರ್ಜ್ ಆಗ್ತಾರೆ, ಮತ್ತೆ ಅದೇ ಫ್ಲೈಓವರ್. ಮಾತ್ರೆ ಸ್ಟ್ರಿಪ್ ಎಲ್ಲಿ ಇಟ್ಕೋತಾರೆ, ಮಳೆ ಬಂದ್ರೆ? ತಿಂಗ್ಳಿಗೊಂದು ಇಂಜೆಕ್ಷನ್ ಬರತ್ತೆ, ಬೀದೀಲಿರೋರಿಗೆ ಅದು ಎಷ್ಟೋ ವಾಸಿ, ಆದ್ರೆ ಅದನ್ನ ಕೊಡೋಕೆ ಪ್ರತಿ ತಿಂಗ್ಳೂ ಅದೇ ಮನುಷ್ಯ ಅದೇ ಜಾಗಕ್ಕೆ ಬರ್ಬೇಕು, ಹೆಸ್ರು ಹಿಡಿದು ಕರೀಬೇಕು. ಈ ಕೆಲ್ಸ ಮೂರು ಶಿಫ್ಟಲ್ಲಿ ಬಂದೋಬಸ್ತು, ಗಣೇಶ ಮೆರವಣಿಗೆ, ವಿಐಪಿ ಕಾನ್ವಾಯ್ ನೋಡ್ಕೊಳ್ಳೋ ಸ್ಟೇಷನ್ನಿಂದ ಆಗತ್ತಾ? ಅಷ್ಟರಲ್ಲಿ ಆ ಕಾನ್ಸ್‌ಟೇಬಲ್‌ಗೆ ಟ್ರಾನ್ಸ್‌ಫರ್ ಆಗಿರತ್ತೆ.

ಯಾರ ಕೈಲಾದ್ರೂ ಚಾಕು ಇದ್ರೆ 112ಕ್ಕೆ ಮಾಡಿ, ಬೇಡ ಅನ್ನಲ್ಲ. ಮನೆ ಪತ್ತೆ ಹಚ್ಚೋದನ್ನೂ ಅವ್ರೇ ಮಾಡ್ಲಿ, ಅದು ಸ್ಟೇಷನ್ನಲ್ಲಿ ಕೂತು ಮಾಡೋ ಕೆಲ್ಸ. ಫುಟ್‌ಪಾತಿಗೆ ಮೊದ್ಲು ಹೋಗಿ ಪಕ್ಕದಲ್ಲಿ ಕೂರೋದಕ್ಕೆ ಮಾತ್ರ ವಾರ್ಡಿಗೆ ಒಬ್ರು ನರ್ಸನ್ನ ಪರ್ಮನೆಂಟಾಗಿ ಹಾಕಿ, ಅವ್ರ ಸಂಬಳ ಆರೋಗ್ಯ ಇಲಾಖೆಯಿಂದಾನೇ ಬರ್ಲಿ.