ಕೇಬಲ್ ತುಂಡಾದ ಮಾತ್ರಕ್ಕೆ ಸ್ಟ್ಯಾಂಡ್‌ಬೈ ಪಟ್ಟಕ್ಕೇರಬಾರದು

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪ್ರತಿಗಳನ್ನು ನೋಡಿಕೊಳ್ಳುವ ರೆಪ್‌ಎಂಜಿಆರ್ ಎಂಬ ಸಾಧನವನ್ನು 4.2ರಿಂದ ಐದನೆಯ ಆವೃತ್ತಿಗೆ ಏರಿಸುವ ಸಿದ್ಧತೆ ಶಿರಸಿಯ ನಮ್ಮ ಸಹಕಾರಿ ಸಂಘದಲ್ಲಿ ನಡೆದಿದೆ. ಸರಿಯಾಗಿ ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದು ಕೇಳಿದ ಸಹೋದ್ಯೋಗಿಗಳಿಗೂ, ಇಂಥದೇ ವ್ಯವಸ್ಥೆ ಇಟ್ಟುಕೊಂಡಿರುವ ಜಿಲ್ಲೆಯ ಇತರ ಸಂಘಗಳ ಗೆಳೆಯರಿಗೂ ನನ್ನ ಉತ್ತರ ಇದು.

ನಮ್ಮ ಮುಖ್ಯ ಸರ್ವರ್ (ಪ್ರೈಮರಿ) ಶಿರಸಿಯಲ್ಲಿದೆ, ಅದರ ಪ್ರತಿ (ಸ್ಟ್ಯಾಂಡ್‌ಬೈ) ಕುಮಟಾ ಶಾಖೆಯಲ್ಲಿದೆ, ನಡುವೆ ದೇವಿಮನೆ ಘಟ್ಟವಿದೆ. ಮಳೆಗಾಲದಲ್ಲಿ ಗುಡ್ಡ ಜರಿದು ಕೇಬಲ್ ತುಂಡಾದರೆ ಎರಡೂ ಸರ್ವರ್‌ಗಳು ಚೆನ್ನಾಗಿಯೇ ಇರುತ್ತವೆ, ಒಂದಕ್ಕೊಂದು ಕಾಣುವುದಿಲ್ಲ ಅಷ್ಟೆ. ಶಿರಸಿಯ ಸರ್ವರ್ ನಿಂತುಹೋಗಿದೆಯೋ, ನಡುವಿನ ದಾರಿ ಕಡಿದಿದೆಯೋ ಎಂಬುದು ಕುಮಟಾದ ಸ್ಟ್ಯಾಂಡ್‌ಬೈಗೆ ಗೊತ್ತಾಗುವುದಿಲ್ಲ. ಡಿಫಾಲ್ಟ್ ಸೆಟ್ಟಿಂಗ್‌ನಂತೆ ಅದು 10 ಸೆಕೆಂಡಿಗೊಮ್ಮೆ 6 ಬಾರಿ ಸಂಪರ್ಕಕ್ಕೆ ಪ್ರಯತ್ನಿಸುತ್ತದೆ. ಸ್ವಯಂಚಾಲಿತ ಫೇಲ್‌ಓವರ್ (ಪ್ರೈಮರಿ ನಿಂತರೆ ಸ್ಟ್ಯಾಂಡ್‌ಬೈ ತಾನೇ ಆ ಜಾಗಕ್ಕೇರುವ ಏರ್ಪಾಡು) ಹಾಕಿಟ್ಟಿದ್ದು, ಕೇಳಿ ನೋಡಲು ಮೂರನೆಯ ಸರ್ವರ್ ಇಲ್ಲದಿದ್ದರೆ, ಸುಮಾರು ಒಂದು ನಿಮಿಷದಲ್ಲಿ ತಾನೇ ಪ್ರೈಮರಿ ಆಗಿಬಿಡುತ್ತದೆ. ಆಗ ಶಿರಸಿಯಲ್ಲಿ ಒಬ್ಬ ಸದಸ್ಯರ ರಾಶಿ ಅಡಿಕೆಯ ಟೆಂಡರು ಮುಗಿದು ಹಣ ಖಾತೆಗೆ ಜಮೆಯಾಗುತ್ತದೆ, ಅದೇ ಮಧ್ಯಾಹ್ನ ಅದೇ ಖಾತೆಯಿಂದ ಕುಮಟಾದಲ್ಲಿ ಮುಂಗಡ ಹೋಗುತ್ತದೆ. ಎರಡೂ ನಿಜವಾದ ವ್ಯವಹಾರಗಳೇ, ಆದರೆ ಒಂದರ ಲೆಕ್ಕದಲ್ಲಿ ಇನ್ನೊಂದು ಇರುವುದಿಲ್ಲ. ಕೇಬಲ್ ಜೋಡಿಸಿದ ಮೇಲೆ ಪಿಜಿ ರಿವೈಂಡ್ ಎಂಬ ಸಾಧನ ಓಡಿಸಿ ಒಂದು ಸರ್ವರನ್ನು ಮತ್ತೊಂದರ ಹಿಂದೆ ನಿಲ್ಲಿಸಬಹುದು, ಆದರೆ ಹಾಗೆ ಹಿಂದೆ ನಿಂತ ಸರ್ವರ್‌ನಲ್ಲಿ ಅಷ್ಟು ಹೊತ್ತು ಬರೆದದ್ದೆಲ್ಲ ಹೋಗಿಬಿಡುತ್ತದೆ.

ಹೊಸ ಆವೃತ್ತಿ ನನಗೆ ಮುಖ್ಯವೆನಿಸುವುದು ಇಲ್ಲಿಯೇ. 2019ರಲ್ಲಿ ಬಂದ 4.4ರಿಂದ 'ಪ್ರೈಮರಿ ವಿಸಿಬಿಲಿಟಿ ಕನ್ಸೆನ್ಸಸ್' ಎಂಬ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ, ಪ್ರೈಮರಿ ಕಾಣದ ಸ್ಟ್ಯಾಂಡ್‌ಬೈ ಉಳಿದ ಸ್ಟ್ಯಾಂಡ್‌ಬೈಗಳನ್ನೂ ಲೆಕ್ಕದ ಪ್ರತಿ ಇಟ್ಟುಕೊಳ್ಳದೆ ಸಾಕ್ಷಿಯಾಗಿ ಮಾತ್ರ ನಿಲ್ಲುವ ವಿಟ್ನೆಸ್ ಸರ್ವರನ್ನೂ ವಿಚಾರಿಸುತ್ತದೆ. ಅವುಗಳಲ್ಲಿ ಒಂದಾದರೂ ಪ್ರೈಮರಿಯನ್ನು ಈಚೆಗಷ್ಟೇ ಕಂಡಿದ್ದರೆ ಫೇಲ್‌ಓವರ್ ಕೈಬಿಡುತ್ತದೆ. ಡಿಫಾಲ್ಟ್ ಆಗಿ ಇದು ಆಫ್ ಇರುತ್ತದೆ. ನಮ್ಮಂಥ ಊರುಗಳಲ್ಲಿ ಆನ್ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಟ್ನೆಸ್ ಅನ್ನು ಪ್ರೈಮರಿ ಇರುವ ಊರಿನಲ್ಲಿಯೇ, ಆದರೆ ಬೇರೆ ಯಂತ್ರದಲ್ಲಿ ಇಡಬೇಕು. ಆಗ ಪ್ರೈಮರಿಯೂ ವಿಟ್ನೆಸ್ಸೂ ಒಟ್ಟಿಗೆ ಕಾಣದಿದ್ದರೆ ಕಡಿದಿರುವುದು ದಾರಿಯೇ ಎಂದು ತಿಳಿದು ಸ್ಟ್ಯಾಂಡ್‌ಬೈ ಸುಮ್ಮನಿರುತ್ತದೆ. ಶಿರಸಿಯ ಎರಡೂ ಯಂತ್ರಗಳು ನಿಜವಾಗಿ ಕೆಟ್ಟ ದಿನವೂ ಅದು ಸುಮ್ಮನೇ ಇರುತ್ತದೆ; ಆಗ ಫೋನಿನಲ್ಲಿ ವಿಚಾರಿಸಿ ಮನುಷ್ಯರೇ ತೀರ್ಮಾನಿಸಬೇಕು. ಕುಮಟಾ ಕೌಂಟರ್ ಒಂದೆರಡು ಗಂಟೆ ಮುಚ್ಚಿದರೆ ಸದಸ್ಯರ ಸಿಟ್ಟನ್ನು ನಾವು ಕೇಳಿಸಿಕೊಳ್ಳಬಹುದು, ಬೆಳೆಗಾರರ ದುಡ್ಡಿಗೆ ಎರಡು ಲೆಕ್ಕ ಇರುವುದನ್ನು ಮಾತ್ರ ಒಪ್ಪಲಾಗದು.

ಐದರಲ್ಲಿ ಕಾನ್ಫಿಗರೇಶನ್ ಫೈಲನ್ನು ಓದುವ ರೀತಿಯೂ ಬಿಗಿಯಾಗಿದೆ. ಹಳೆಯದು ಹೇಗೆ ಬರೆದರೂ ನುಂಗಿಕೊಳ್ಳುತ್ತಿತ್ತು. ಈಗ ಹೋಸ್ಟ್, ಯೂಸರ್, ಡೇಟಾಬೇಸ್ ಹೆಸರುಗಳ ನಡುವೆ ಜಾಗ ಬಿಟ್ಟು ಬರೆಯುವ ಸಂಪರ್ಕದ ಸಾಲನ್ನು ಒಂಟಿ ಕೋಟ್ ಚಿಹ್ನೆಗಳ ಒಳಗೇ ಇಡಬೇಕು. ಇದು ಕಿರಿಕಿರಿ ಎಂದವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ತಪ್ಪು ಸಾಲು ಹಗಲಿನಲ್ಲಿ ನಾವು ಕುಳಿತಿರುವಾಗಲೇ ಸಿಕ್ಕಿಬೀಳುವುದು ಒಳ್ಳೆಯದು. ಪೋಸ್ಟ್‌ಗ್ರೆಸ್ 12ರಿಂದ, ಸ್ಟ್ಯಾಂಡ್‌ಬೈನ ಸೆಟ್ಟಿಂಗ್‌ಗಳನ್ನು ಬರೆದಿಡುತ್ತಿದ್ದ ರಿಕವರಿ ಡಾಟ್ ಕಾನ್ಫ್ ಫೈಲ್ ಇಲ್ಲ, ಇದ್ದರೆ ಸರ್ವರ್ ಏಳುವುದೇ ಇಲ್ಲ. ಅದರ ಬದಲಿನ ಹೊಸ ವ್ಯವಸ್ಥೆಯನ್ನು ರೆಪ್‌ಎಂಜಿಆರ್ 5 ತಾನೇ ಬರೆದುಕೊಳ್ಳುತ್ತದೆ, ಆದರೆ ಆ ಹಳೆಯ ಫೈಲನ್ನು ನಂಬಿರುವ ನಮ್ಮ ಸ್ಕ್ರಿಪ್ಟ್‌ಗಳನ್ನು ನಾವೇ ತಿದ್ದಬೇಕು.

ಹಾಗಾಗಿ ವಿಟ್ನೆಸ್ ಯಂತ್ರ ಬಂದು ಕೂರುವವರೆಗೆ ಫೇಲ್‌ಓವರ್ ಮ್ಯಾನುವಲ್ ಆಗಿಯೇ ಇರಲಿ ಎಂದು ಆಡಳಿತ ಮಂಡಳಿಗೆ ಬರೆದಿದ್ದೇನೆ. ಘಟ್ಟದ ಆಚೀಚೆ ಸರ್ವರ್ ಇಟ್ಟಿರುವ ಉಳಿದ ಸಂಘದವರೂ ಜೂನ್ ಮಳೆಗೆ ಮೊದಲು ತಮ್ಮಲ್ಲಿ ಫೇಲ್‌ಓವರ್, ಪ್ರೈಮರಿ ವಿಸಿಬಿಲಿಟಿ ಕನ್ಸೆನ್ಸಸ್ ಎಂಬ ಈ ಎರಡು ಸೆಟ್ಟಿಂಗ್ ಹೇಗಿವೆ ಎಂದು ದಯವಿಟ್ಟು ತೆರೆದು ನೋಡಿ.