ಒಂದು ಕಾರಿನ ಜಾಗ ಅಮ್ಮನಿಗೂ ಬೇಕು

ಹೋದ ಶನಿವಾರ ಸಂಜೆ ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ, ವೀಳ್ಯದೆಲೆ ತಗೊಂಡು, ಹಾಗೇ ಸೀರೆ ನೋಡೋಣ ಅಂತ ಅಮ್ಮನ ಜೊತೆ ಅರಸು ರಸ್ತೆಗೆ ಬಂದೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಫುಟ್‌ಪಾತ್ ಮೇಲೆ ಬೈಕುಗಳು, ಸೀರೆ ಉಡಿಸಿ ನಿಲ್ಲಿಸಿದ ಗೊಂಬೆಗಳು. ಕೆಳಗಿಳಿದರೆ ಕಾರುಗಳ ಸಾಲು. ಎರಡು ಗಾಡಿಗಳ ಮಧ್ಯೆ ಅಡ್ಡ ತಿರುಗಿ ನುಸುಳುವಾಗ ಅಮ್ಮನ ಸೆರಗು ಬೈಕಿನ ಬ್ರೇಕ್ ಹಿಡಿಗೆ ಸಿಕ್ಕಿಕೊಂಡಿತು. ಒಂದು ಕೈಯಲ್ಲಿ ಹೂವಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ನನ್ನ ತೋಳು. ಬಿಡಿಸಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಆಟೋ ಹಾರನ್ನು. ಸುಧಾರಿಸಿಕೊಳ್ಳೋಣ ಅಂದರೆ ಅಷ್ಟುದ್ದದ ರಸ್ತೆಯಲ್ಲಿ ಕೂರಲು ಜಾಗ ಕಾಣಲಿಲ್ಲ. ಬಾಗಿಲು ಹಾಕಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂರಿಸಿದೆ. "ಇನ್ಮೇಲೆ ಪೇಟೆಗೆ ನನ್ನ ಕರೀಬೇಡ ಮಗ" ಅಂದಳು.

ಆ ಮಾತು ಇನ್ನೂ ಕೊರೀತಿದೆ. ಆವತ್ತಿಂದ ನನ್ನ ಕಣ್ಣು ನಿಂತ ಕಾರುಗಳ ಮೇಲೇ. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಜಾಗ ಬೇಕು. ಅಂದರೆ 12.5 ಚದರ ಮೀಟರ್, ನಮ್ಮ 10x12 ಅಡಿ ರೂಮಿಗಿಂತ ದೊಡ್ಡದು! ಅದರಲ್ಲಿ ಎರಡು ಬೆಂಚು, ನಾಲ್ಕು ಕುಂಡ, ಮೇಲೊಂದು ನೆರಳು ಹಾಕಿದರೆ ಎಂಟು ಜನ ಆರಾಮಾಗಿ ಕೂರಬಹುದು.

ಇದು ಹೊಸ ಯೋಚನೆಯಲ್ಲ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವು ವಿನ್ಯಾಸಕಾರರು ಪಾರ್ಕಿಂಗ್ ಮೀಟರಿಗೆ ದುಡ್ಡು ಹಾಕಿ, ಕಾರಿನ ಬದಲು ಹುಲ್ಲುಹಾಸು, ಬೆಂಚು, ಒಂದು ಮರ ಇಟ್ಟರು. ಎರಡೇ ಗಂಟೆ ಹೊತ್ತು. ಆಮೇಲೆ ಅಲ್ಲಿನ ಆಡಳಿತವೇ ಇಂಥ ಜಾಗಗಳಿಗೆ ಅನುಮತಿ ಕೊಡತೊಡಗಿತು. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನೂ 2020ರ ಕೊನೆಯಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ನಡೆಯುವವರಿಗೇ ಬಿಟ್ಟಿದ್ದರು.

ಅಷ್ಟು ದೂರ ಯಾಕೆ, ವಿಜಯದಶಮಿ ದಿನ ಸಯ್ಯಾಜಿರಾವ್ ರಸ್ತೆ ನೋಡಿ. ಬೆಳಿಗ್ಗೆಯಿಂದಲೇ ಜನ ಮಕ್ಕಳು ಮರಿ ಕಟ್ಟಿಕೊಂಡು, ಬುತ್ತಿ ಬಿಚ್ಚಿಕೊಂಡು ಕೂತಿರ್ತಾರೆ. ರಸ್ತೆ ಜನರದ್ದು ಅನ್ನೋದು ಮೈಸೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾರು ನಿಲ್ಲಿಸೋಕೆ ಜಾಗ ಇಲ್ಲದಿದ್ದರೆ ಗಿರಾಕಿ ಬರಲ್ಲ ಅಂತ ವರ್ತಕರ ಭಯ. ವ್ಯಾಪಾರದ ಮೇಲೆ ಸಂಸಾರ ನಿಂತಿದೆ, ಅವರ ಆತಂಕ ಸುಳ್ಳಲ್ಲ. ಆದರೆ ಬೆಳಿಗ್ಗೆ ನಿಂತ ಕಾರು ರಾತ್ರಿವರೆಗೂ ಅಲ್ಲೇ ಇದ್ದರೆ ಅದು ಯಾವ ಗಿರಾಕಿಗೂ ಜಾಗ ಕೊಟ್ಟಂತಾಗಲಿಲ್ಲ. ನಡೆಯಲಾರದೆ ವಾಪಸ್ ಹೋದ ನನ್ನಮ್ಮನೂ ಗಿರಾಕಿಯೇ. ಆವತ್ತು ಸೀರೆ ತಗೊಳ್ಳಲೇ ಇಲ್ಲ.

ಇಡೀ ರಸ್ತೆ ಮುಚ್ಚಿ ಅಂತ ನಾನು ಕೇಳ್ತಿಲ್ಲ. ಹತ್ತಾರು ಕಾರು ನಿಲ್ಲೋ ಕಡೆ ಒಂದು ಕಾರಿನ ಜಾಗ ಜನ ಕೂರೋಕೆ ಬಿಡಿ. ಅಂಗವಿಕಲರ ಗಾಡಿಗೆ, ಆಟೋ ಹತ್ತಿ ಇಳಿಯೋಕೆ ಜಾಗ ಇರಲಿ.

ಅರಸು ರಸ್ತೆಯ ವರ್ತಕರಲ್ಲಿ ಒಬ್ಬರಾದರೂ ತಮ್ಮ ಅಂಗಡಿ ಮುಂದೆ ಒಂದು ವಾರ ಇದನ್ನು ಮಾಡಿ ನೋಡಲು ಒಪ್ಪಿದರೆ ದಯವಿಟ್ಟು ತಿಳಿಸಿ. ಪಾಲಿಕೆಗೆ ಅರ್ಜಿ ಬರೆದು ಓಡಾಡೋದು ನನ್ನ ಕೆಲಸ. ಕುಂಡಗಳನ್ನು ನಮ್ಮ ಮನೆಯಿಂದ ತರ್ತೀನಿ. ಅಮ್ಮ ಬೆಳೆಸಿದ ದಾಸವಾಳ, ತುಳಸಿ ಇವೆ.